ಸಿಟ್ಟು, ಭಯ, ಹೊಟ್ಟೆಕಿಚ್ಚು ಬಂದಾಗ ಏನು ಮಾಡಬೇಕು? ಹಂತ ಹಂತವಾಗಿ ಒಂದು ಅಭ್ಯಾಸ

ಸಿಟ್ಟೇ ಬರದ, ಭಯವೇ ಆಗದ ಮನುಷ್ಯರಾಗುವುದು ಹೇಗೆ ಎಂದು ತಿಳಿಯಲು ಇದನ್ನು ಓದುತ್ತಿದ್ದರೆ ನಿರಾಸೆಯಾಗಬಹುದು. ಅಂಥ ದಾರಿ ಇಲ್ಲ. ವರ್ಷಗಟ್ಟಲೆ ಧ್ಯಾನ ಮಾಡಿದವರಿಗೂ ಸಿಟ್ಟು ಬರುತ್ತದೆ. ಅವರಿಗೂ ಬೇರೆಯವರಿಗೂ ಇರುವ ವ್ಯತ್ಯಾಸ ಇಷ್ಟೇ: ಬಂದ ಸಿಟ್ಟು ಎಷ್ಟು ಹೊತ್ತು ಉಳಿಯುತ್ತದೆ, ಉಳಿದಷ್ಟು ಹೊತ್ತು ಅದು ನಮ್ಮಿಂದ ಏನೇನು ಮಾಡಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹೋಗಬೇಕಾದ ಸಿಟ್ಟನ್ನು ವಾರಗಟ್ಟಲೆ ಸಾಕುವವರು ನಾವೇ ಅಲ್ವಾ?

ಬೌದ್ಧ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳ ಪಾಠಗಳಲ್ಲಿ, ಎರಡು ಬಾಣಗಳ ಮಾತು ಬರುತ್ತದೆ. ಮೊದಲ ಬಾಣ ಬದುಕಿನಿಂದ ಬಂದು ನಾಟುವ ನೋವು. ಅದು ಯಾರನ್ನೂ ಬಿಡುವುದಿಲ್ಲ. ಆ ನೋವಿನ ಬಗ್ಗೆ ಗೋಳಾಡುವುದು, ಹಲುಬುವುದು ಎರಡನೆಯ ಬಾಣ. ಈ ಲೇಖನ ಪೂರ್ತಿ ಎರಡನೆಯ ಬಾಣದ ಬಗ್ಗೆ. ಮೊದಲನೆಯದರ ಬಗ್ಗೆ ಹೇಳಲು ನನ್ನ ಹತ್ತಿರ ಜಾಸ್ತಿ ಏನೂ ಇಲ್ಲ.

ಒಳಗೆ ಏನಾಗುತ್ತದೆ

ಯಾರೋ ಚುಚ್ಚಿ ಮಾತನಾಡಿದರು ಎಂದುಕೊಳ್ಳಿ. ಮಿದುಳಿನ ಒಳಗೆ ಅಮಿಗ್ಡಲಾ ಎಂಬ ಪುಟ್ಟ ಭಾಗವಿದೆ. ಅಪಾಯದ ವಾಸನೆ ಬಂದರೆ ಅದು ತಕ್ಷಣ ಎಚ್ಚರಿಸುತ್ತದೆ. ಅಡ್ರಿನಲಿನ್ ಎಂಬ ಹಾರ್ಮೋನ್ ರಕ್ತದಲ್ಲಿ ಹರಿಯುತ್ತದೆ, ಎದೆ ಡವಡವ ಎನ್ನುತ್ತದೆ, ದವಡೆ ಬಿಗಿಯುತ್ತದೆ, ಉಸಿರು ಮೇಲೆ ಮೇಲೆ ಓಡುತ್ತದೆ. ನಾವು ಕೂತು ಯೋಚಿಸುವುದಕ್ಕೆ ಮೊದಲೇ ಇದೆಲ್ಲ ಶುರುವಾಗಿರುತ್ತದೆ. ಹಾಗಾಗಿ ‘ನನಗೆ ಸಿಟ್ಟು ಬರಬಾರದಿತ್ತು’ ಎಂದು ಬೈದುಕೊಳ್ಳುವುದರಿಂದ ಏನೂ ಉಪಯೋಗವಿಲ್ಲ. ಬರುವ ಮೊದಲು ಅದು ನಮ್ಮನ್ನು ಕೇಳಿರಲಿಲ್ಲ.

ಆಮೇಲಿನದು ಮಾತ್ರ ನಮ್ಮ ಕೈಯಲ್ಲಿದೆ. ಆ ಮಾತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತೇವೆ. ‘ಯಾವಾಗಲೂ ಹೀಗೇ ಮಾಡುತ್ತಾರೆ’ ಎನ್ನುತ್ತೇವೆ. ಹಳೆಯ ಸಂಗತಿಗಳನ್ನು ಹುಡುಕಿ ತರುತ್ತೇವೆ. ಕೊಡಬೇಕಾಗಿದ್ದ ಉತ್ತರವನ್ನು ಸ್ನಾನ ಮಾಡುವಾಗ ಜೋಡಿಸುತ್ತೇವೆ. ಪ್ರತಿ ಸಲ ನೆನೆದಾಗಲೂ ದೇಹ ಮತ್ತೆ ಬಿಸಿಯಾಗುತ್ತದೆ. ದೇಹಕ್ಕೆ ನಿಜವಾದ ಜಗಳಕ್ಕೂ ನೆನಪಿನ ಜಗಳಕ್ಕೂ ದೊಡ್ಡ ಫರಕು ತಿಳಿಯುವುದಿಲ್ಲ.

ಭಗವದ್ಗೀತೆಯ 2ನೇ ಅಧ್ಯಾಯದ 62 ಮತ್ತು 63ನೇ ಶ್ಲೋಕಗಳಲ್ಲಿ ಇದರ ಸರಪಳಿಯೇ ಇದೆ. ವಿಷಯವನ್ನು ನೆನೆಯುತ್ತಾ ಇದ್ದರೆ ಅಂಟು, ಅಂಟಿನಿಂದ ಆಸೆ, ಆಸೆಯಿಂದ ಕೋಪ, ಕೋಪದಿಂದ ಮಂಕು, ಅದರಿಂದ ನೆನಪಿನ ಗೊಂದಲ, ಅದರಿಂದ ಬುದ್ಧಿನಾಶ, ಕೊನೆಗೆ ಮನುಷ್ಯನೇ ಹಾಳು. ಕೋಪ ಇಲ್ಲಿ ನಡುವೆ ಬರುವ ಕೊಂಡಿ ಎನ್ನುವುದನ್ನು ಗಮನಿಸಿ. ಶುರುವಾಗುವುದು ಒಂದೇ ವಿಷಯವನ್ನು ಮೆಲುಕು ಹಾಕುವುದರಿಂದ. ಕೊಂಡಿ ಬಿಡಿಸುವುದಾದರೆ ಅಲ್ಲಿ ಬಿಡಿಸುವುದು ಸುಲಭ.

ಹಾಗಾದರೆ ನೆನೆಯುವುದನ್ನು ನಿಲ್ಲಿಸಿಬಿಡೋಣ ಅನ್ನುತ್ತೀರಾ? ಒತ್ತಿ ನಿಲ್ಲಿಸಲು ಹೋದರೆ ಅದು ತಿರುಗಿ ಬರುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಕೆಲವರಿಗೆ ‘ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ’ ಎಂದು ಹೇಳಿ ಕೂರಿಸಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ಯೋಚಿಸಿ’ ಎಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಕಾಡಿತು. ಒತ್ತುವುದೂ ಬೇಡ, ಮುಳುಗುವುದೂ ಬೇಡ. ಮಧ್ಯದಲ್ಲಿ ನೋಡುವುದು ಎಂಬ ಇನ್ನೊಂದು ಕೆಲಸವಿದೆ. ಮೈಂಡ್‌ಫುಲ್‌ನೆಸ್ ಎಂದು ಈಗ ಎಲ್ಲರೂ ಹೇಳುವುದು ಇದಕ್ಕೇ.

ಮೊದಲ ಹೆಜ್ಜೆ: ಮನಸ್ಸು ಚೆನ್ನಾಗಿರುವಾಗಲೇ ಕಲಿಯಿರಿ

ಸಿಟ್ಟು ನೆತ್ತಿಗೇರಿದಾಗ ಹೊಸದಾಗಿ ಏನನ್ನೂ ಕಲಿಯಲು ಆಗುವುದಿಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ. ತೊಂದರೆ ಬಂದ ದಿನ ಕಣ್ಣು ಮುಚ್ಚಿ ಕೂರುತ್ತಾರೆ, ಏನೂ ಆಗುವುದಿಲ್ಲ, ‘ಇದೆಲ್ಲ ಸುಮ್ನೆ’ ಎಂದು ಬಿಟ್ಟುಬಿಡುತ್ತಾರೆ.

ದಿನಕ್ಕೆ ಹತ್ತು ನಿಮಿಷ ಸಾಕು. ಕುರ್ಚಿಯ ಮೇಲೋ ನೆಲದ ಮೇಲೋ ಕುಳಿತುಕೊಳ್ಳಿ. ಬೆನ್ನು ನೇರವಾಗಿರಲಿ, ಬಿಗಿಯಾಗಿರುವುದು ಬೇಡ. ಉಸಿರು ಎಲ್ಲಿ ಚೆನ್ನಾಗಿ ತಿಳಿಯುತ್ತದೋ ಆ ಒಂದು ಜಾಗವನ್ನು ಆರಿಸಿಕೊಳ್ಳಿ. ಮೂಗಿನ ತುದಿ ಆಗಬಹುದು, ಎದೆ ಆಗಬಹುದು, ಹೊಟ್ಟೆ ಆಗಬಹುದು. ಉಸಿರನ್ನು ಬದಲಿಸಬೇಡಿ, ಬರುವುದನ್ನೂ ಹೋಗುವುದನ್ನೂ ಗಮನಿಸಿ.

ಕೆಲವೇ ಉಸಿರಿನಲ್ಲಿ ಮನಸ್ಸು ಬೇರೆ ಕಡೆ ಹೋಗಿರುತ್ತದೆ. ಹೋಗಲಿ. ಹೋಗಿದ್ದು ಗೊತ್ತಾದ ಕ್ಷಣವೇ ಈ ಅಭ್ಯಾಸದ ಮುಖ್ಯ ಕ್ಷಣ. ‘ಯೋಚನೆ’ ಎಂದು ಒಳಗೇ ಅಂದುಕೊಂಡು ಮೆಲ್ಲಗೆ ಉಸಿರಿಗೆ ಬನ್ನಿ. ನೂರು ಸಲ ಹೋದರೆ ನೂರು ಸಲ ಬನ್ನಿ. ಮನಸ್ಸು ಖಾಲಿಯಾಗಬೇಕು ಎಂದು ಯಾರಾದರೂ ಹೇಳಿದ್ದರೆ ಅದನ್ನು ಮರೆತುಬಿಡಿ. ಹೋದದ್ದು ತಿಳಿಯುವುದು ಮತ್ತು ತಿರುಗಿ ಬರುವುದು, ಇವೆರಡೇ ಇಲ್ಲಿ ಬೆಳೆಯಬೇಕಾದ ಶಕ್ತಿ. ಮುಂದೆ ಸಿಟ್ಟಿನ ನಡುವೆ ಬೇಕಾಗುವುದೂ ಇದೇ.

ಕಣ್ಣು ಮುಚ್ಚಿದರೆ ಕೆಲವರಿಗೆ ಭಯ ಜಾಸ್ತಿಯಾಗುತ್ತದೆ. ಹಳೆಯ ಆಘಾತ ಇರುವವರಿಗೆ ಇದು ಆಗುವುದುಂಟು. ಅಂಥವರು ಕಣ್ಣು ತೆರೆದು, ನೆಲದ ಒಂದು ಚುಕ್ಕೆಯನ್ನು ನೋಡುತ್ತಾ, ಪಾದ ನೆಲಕ್ಕೆ ತಾಗುವುದನ್ನು ಗಮನಿಸಲಿ. ನಡೆಯುತ್ತಾ ಮಾಡಿದರೂ ಆಗುತ್ತದೆ. ಅದೂ ಕಷ್ಟವಾದರೆ ನಿಲ್ಲಿಸಿ. ಇದನ್ನು ಹಟದಿಂದ ಮಾಡಬಾರದು.

ಎಷ್ಟು ದಿನದಲ್ಲಿ ಫಲ ಎಂದು ಎಲ್ಲರೂ ಕೇಳುತ್ತಾರೆ. 1979ರಲ್ಲಿ ಜಾನ್ ಕಬಟ್-ಜಿನ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಈ ಅಭ್ಯಾಸವನ್ನು ರೋಗಿಗಳಿಗೆ ಕಲಿಸಲು ಶುರುಮಾಡಿದರು. ಅವರ ಕೋರ್ಸ್ 8 ವಾರಗಳದ್ದು. ನೀವೂ ಕನಿಷ್ಠ ಅಷ್ಟು ಕಾಲ ಕೊಟ್ಟು ನೋಡಿ, ಅಲ್ಲಿಯವರೆಗೆ ತೀರ್ಪು ಬೇಡ.

ಎರಡನೇ ಹೆಜ್ಜೆ: ದೇಹದ ಸೂಚನೆಯನ್ನು ಹಿಡಿಯಿರಿ

ಭಾವನೆ ಬಂದಿದೆ ಎಂದು ಬುದ್ಧಿಗೆ ತಿಳಿಯುವ ಮೊದಲು ಮೈಗೆ ತಿಳಿದಿರುತ್ತದೆ. ನಿಮ್ಮ ಮೈಯ ಸೂಚನೆ ಯಾವುದು? ಕೆಲವರಿಗೆ ಕಿವಿ ಬಿಸಿಯಾಗುತ್ತದೆ. ಕೆಲವರ ಕೈ ಮುಷ್ಟಿ ಕಟ್ಟುತ್ತದೆ. ಕೆಲವರಿಗೆ ಗಂಟಲು ಕಟ್ಟುತ್ತದೆ, ಇನ್ನು ಕೆಲವರಿಗೆ ಹೊಟ್ಟೆಯಲ್ಲಿ ತಳಮಳ. ಮಾತು ಜೋರಾಗುವುದೂ ಒಂದು ಸೂಚನೆ, ಮಾತೇ ನಿಂತುಹೋಗುವುದೂ ಒಂದು ಸೂಚನೆ. ಒಂದು ವಾರ ಸುಮ್ಮನೆ ಇದನ್ನೇ ಗಮನಿಸಿ. ಏನನ್ನೂ ಸರಿಮಾಡಲು ಹೋಗಬೇಡಿ.

ಮೂರನೇ ಹೆಜ್ಜೆ: ಹೆಸರು ಹೇಳಿ

ಸೂಚನೆ ಕಂಡ ಕೂಡಲೇ ಮನಸ್ಸಿನೊಳಗೆ ಹೇಳಿಕೊಳ್ಳಿ: ‘ಸಿಟ್ಟು ಬಂದಿದೆ.’ ‘ಇದು ಭಯ.’ ‘ಹೊಟ್ಟೆಕಿಚ್ಚು ಇದೆ ಇಲ್ಲಿ.’ ಇಷ್ಟೇ. ನೋಡಲು ಏನೂ ಅಲ್ಲದ ಕೆಲಸ. ಆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಭಯದ ಮುಖಗಳ ಚಿತ್ರ ನೋಡಿ ಆ ಭಾವನೆಗೆ ಹೆಸರು ಹೇಳಿದಾಗ ಅಮಿಗ್ಡಲಾದ ಚಟುವಟಿಕೆ ಕಡಿಮೆಯಾದದ್ದು ಕಂಡುಬಂತು.

ಹೆಸರು ಸರಿಯಾಗಿದ್ದರೆ ಇನ್ನೂ ಒಳ್ಳೆಯದು. ‘ಮನಸ್ಸು ಸರಿ ಇಲ್ಲ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಅವಮಾನವೇ? ನಿರಾಸೆಯೇ? ಒಂಟಿತನವೇ? ಅಥವಾ ನಿದ್ದೆಗೆಟ್ಟ ಕಿರಿಕಿರಿಯೇ? ಬಹಳ ಸಲ ಮೇಲೆ ಕಾಣುವುದು ಸಿಟ್ಟು, ಕೆಳಗೆ ಇರುವುದು ಬೇರೆ. ಮಗ ತಡವಾಗಿ ಬಂದಾಗ ಕೂಗಾಡುವ ತಾಯಿಯ ಒಳಗೆ ಇರುವುದು ಭಯ. ಸಭೆಯಲ್ಲಿ ಸಿಡುಕುವ ಹಿರಿಯ ಅಧಿಕಾರಿಯ ಒಳಗೆ ಇರುವುದು ‘ನನಗೆ ಇದು ಗೊತ್ತಿಲ್ಲ’ ಎಂಬ ಅಳುಕು ಇರಬಹುದು. ಕೆಳಗಿನದರ ಹೆಸರು ಸಿಕ್ಕರೆ ಮೇಲಿನದರ ಕಾವು ತಾನಾಗಿ ಇಳಿಯುವುದುಂಟು.

ನಾಲ್ಕನೇ ಹೆಜ್ಜೆ: ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ

ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೀಗೆ ಎರಡು ಮೂರು ನಿಮಿಷ. ಉಸಿರು ಹೊರಗೆ ಹೋಗುವಾಗ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ. ಹಾಗಾಗಿ ಬಿಡುವ ಉಸಿರು ಉದ್ದವಾಗಿರಬೇಕು. ‘ಜೋರಾಗಿ ಉಸಿರು ಎಳೆದುಕೋ’ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ, ಗಾಬರಿಯಲ್ಲಿರುವವರಿಗೆ ಅದರಿಂದ ತಲೆಸುತ್ತು ಜಾಸ್ತಿಯಾಗಬಹುದು. ಪತಂಜಲಿಯ ಯೋಗಸೂತ್ರಗಳಲ್ಲೂ ಮನಸ್ಸು ಚದುರಿದಾಗ ಜೊತೆಗೆ ಬರುವ ದುಃಖ, ಬೇಸರ, ಮೈನಡುಕಗಳ ಸಾಲಿನಲ್ಲೇ ಉಸಿರಿನ ಏರುಪೇರನ್ನೂ ಸೇರಿಸಿದ್ದಾರೆ.

ಐದನೇ ಹೆಜ್ಜೆ: ಆದದ್ದು ಬೇರೆ, ನಾವು ಕಟ್ಟಿದ ಕಥೆ ಬೇರೆ

ನನ್ನ ಪ್ರಕಾರ ಇಡೀ ಅಭ್ಯಾಸದ ತಿರುಳು ಇದು. ಉಳಿದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಒಂದು ಉದಾಹರಣೆ. ಆಪ್ತ ಗೆಳತಿಗೆ ಬೆಳಿಗ್ಗೆ ಮೆಸೇಜ್ ಕಳಿಸಿದ್ದೀರಿ. ಅವಳು ಓದಿದ್ದಾಳೆ. ರಾತ್ರಿಯಾದರೂ ಉತ್ತರವಿಲ್ಲ. ಮನಸ್ಸು ಹೇಳುತ್ತದೆ: ‘ಬೇಕು ಅಂತಲೇ ಉತ್ತರ ಕೊಡುತ್ತಿಲ್ಲ. ಹೊಸ ಸ್ನೇಹಿತರು ಸಿಕ್ಕಿದ್ದಾರೆ. ನಾನೇ ಯಾವಾಗಲೂ ಮೊದಲು ಮಾತನಾಡಿಸಬೇಕು. ನನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.’ ನಾಲ್ಕೇ ವಾಕ್ಯದಲ್ಲಿ ಒಂದು ಮೆಸೇಜಿನಿಂದ ಇಡೀ ಬದುಕಿನ ಮೇಲಿನ ತೀರ್ಪಿಗೆ ಬಂದು ನಿಂತೆವು.

ಈಗ ಒಂದು ಹಾಳೆ ತೆಗೆದುಕೊಂಡು ಮಧ್ಯೆ ಗೆರೆ ಎಳೆಯಿರಿ. ಎಡಗಡೆ ಆದದ್ದನ್ನು ಮಾತ್ರ ಬರೆಯಿರಿ. ಕ್ಯಾಮೆರಾದಲ್ಲಿ ದಾಖಲಾಗುವಂಥದ್ದು ಮಾತ್ರ ಅಲ್ಲಿಗೆ ಬರಬೇಕು. ‘ಬೆಳಿಗ್ಗೆ ಮೆಸೇಜ್ ಕಳಿಸಿದೆ. ಓದಿದ್ದಾಳೆ. ಉತ್ತರ ಬಂದಿಲ್ಲ.’ ಮುಗಿಯಿತು. ಉಳಿದದ್ದೆಲ್ಲ ಬಲಗಡೆಗೆ ಹೋಗುತ್ತದೆ. ಯಾವಾಗಲೂ, ಯಾರೂ, ಎಂದಿಗೂ, ಬೇಕಂತಲೇ ಎಂಬ ಪದಗಳು ಕಂಡರೆ ಅವು ಖಂಡಿತ ಬಲಗಡೆಯವು.

ಬಲಗಡೆ ಇರುವುದೆಲ್ಲ ಸುಳ್ಳು ಎಂದಲ್ಲ. ಗೆಳತಿ ನಿಜಕ್ಕೂ ದೂರವಾಗುತ್ತಿರಬಹುದು. ಅದು ಇನ್ನೂ ಖಚಿತವಾಗಿಲ್ಲ ಎನ್ನುವುದಷ್ಟೇ ಇಲ್ಲಿ ತಿಳಿಯಬೇಕಾದ್ದು. ಆ ನೋವಿನ ಎಷ್ಟು ಪಾಲು ಎಡಗಡೆಯಿಂದ ಬಂತು, ಎಷ್ಟು ಪಾಲು ಬಲಗಡೆಯಿಂದ ಬಂತು ಎಂದು ನೋಡಿ. ಹೆಚ್ಚಿನ ದಿನ ಬಲಗಡೆಯದೇ ಜಾಸ್ತಿ.

ಹಾಳೆ ಮುಚ್ಚಿಟ್ಟು ಮತ್ತೆ ದೇಹಕ್ಕೆ ಬನ್ನಿ. ಕಥೆಯನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಎದೆಯ ಮೇಲೆ ಒಂದು ಭಾರ, ಗಂಟಲಲ್ಲಿ ಒಂದು ಗಂಟು. ಅದನ್ನು ನೋಡುತ್ತಾ ಕೂರಿ. ಎಷ್ಟು ದೊಡ್ಡದಿದೆ? ಅಂಚು ಎಲ್ಲಿದೆ? ಬಿಸಿಯೋ ತಂಪೋ? ಒಂದೇ ಕಡೆ ಇದೆಯೋ, ಸರಿಯುತ್ತಿದೆಯೋ? ಇಷ್ಟು ಹತ್ತಿರದಿಂದ ನೋಡಿದಾಗ ಅದು ಬದಲಾಗುತ್ತಲೇ ಇರುತ್ತದೆ ಎನ್ನುವುದು ಗೊತ್ತಾಗುತ್ತದೆ. ಕಥೆ ಮಾತ್ರ ಒಂದೇ ತರ ಇರುತ್ತದೆ.

ಆರನೇ ಹೆಜ್ಜೆ: ನೋಡುತ್ತಿರುವುದು ಯಾರು?

ಇಲ್ಲಿಯವರೆಗೆ ಹೇಳಿದ್ದನ್ನು ದೇವರು ಆತ್ಮ ಯಾವುದನ್ನೂ ನಂಬದವರೂ ಮಾಡಬಹುದು. ಈ ಹೆಜ್ಜೆ ಸ್ವಲ್ಪ ಆಚೆಯದು.

ಸಿಟ್ಟನ್ನು ನೋಡಿದಿರಿ. ಎದೆಯ ಭಾರವನ್ನು ನೋಡಿದಿರಿ. ಯೋಚನೆ ಬಂದದ್ದನ್ನೂ ಹೋದದ್ದನ್ನೂ ನೋಡಿದಿರಿ. ನೋಡಿದ್ದು ಯಾರು? ಅದ್ವೈತ ಪರಂಪರೆಯಲ್ಲಿ ಇದನ್ನು ದೃಕ್ ಮತ್ತು ದೃಶ್ಯ ಎಂದು ಬೇರೆ ಮಾಡುತ್ತಾರೆ. ಕಾಣುವುದೆಲ್ಲ ದೃಶ್ಯ. ಕಾಣುವವನು ದೃಕ್, ಅಂದರೆ ಸಾಕ್ಷಿ. ಸಿಟ್ಟು ನನಗೆ ಕಾಣುತ್ತಿದೆ ಎಂದರೆ ನಾನು ಸಿಟ್ಟಲ್ಲ. ಬೌದ್ಧರು ಈ ‘ನೋಡುವವನನ್ನು’ ಒಪ್ಪುವುದಿಲ್ಲ, ನೋಟ ಮಾತ್ರ ಇದೆ ಎನ್ನುತ್ತಾರೆ. ಆ ವಾದ ಹಳೆಯದು, ದೊಡ್ಡದು. ನಮ್ಮ ಕೆಲಸಕ್ಕೆ ಅದನ್ನು ಬಗೆಹರಿಸಬೇಕಾಗಿಲ್ಲ. ಭಾವನೆಗೂ ಅರಿವಿಗೂ ನಡುವೆ ಒಂದು ಅಂತರ ಇದೆ ಎನ್ನುವುದು ಅನುಭವಕ್ಕೆ ಬಂದರೆ ಸಾಕು.

ಮಾಡುವ ಕ್ರಮ ಹೀಗೆ. ಕುಳಿತಾಗ ಭಾವನೆ ಎದ್ದರೆ ಒಳಗೇ ಕೇಳಿಕೊಳ್ಳಿ: ‘ಇದು ಯಾರಿಗೆ ಗೊತ್ತಾಗುತ್ತಿದೆ?’ ಉತ್ತರವನ್ನು ಮಾತಿನಲ್ಲಿ ಹುಡುಕಬೇಡಿ. ಪ್ರಶ್ನೆ ಕೇಳಿ, ಒಂದೆರಡು ಉಸಿರು ಸುಮ್ಮನಿರಿ. ಗಮನ ಸಿಟ್ಟಿನಿಂದ ಒಂದು ಕ್ಷಣ ಹಿಂದೆ ಸರಿಯುತ್ತದೆ. ಆ ಹಿಂದಿನ ಜಾಗದಲ್ಲಿ ಸಿಟ್ಟಿಲ್ಲ. ಮೊದಮೊದಲು ಅದು ಕ್ಷಣಮಾತ್ರ ಸಿಗುತ್ತದೆ, ಜಾರುತ್ತದೆ. ದೇವರಲ್ಲಿ ನಂಬಿಕೆ ಇರುವವರು ಪ್ರಶ್ನೆಯ ಬದಲು ನಾಮಸ್ಮರಣೆ ಮಾಡಬಹುದು. ಅಲ್ಲೂ ಗಮನ ‘ನನಗೆ ಹೀಗಾಯಿತು’ ಎಂಬುದರಿಂದ ಈಚೆ ಬರುತ್ತದೆ.

ಒಂದು ಎಚ್ಚರಿಕೆ ಬೇಕು, ಯಾಕೆಂದರೆ ಅಧ್ಯಾತ್ಮದ ದಾರಿಯಲ್ಲಿರುವವರೇ ಇಲ್ಲಿ ಜಾಸ್ತಿ ಜಾರುತ್ತಾರೆ. ‘ನಾನು ಸಾಕ್ಷಿ, ನನಗೆ ಏನೂ ತಟ್ಟುವುದಿಲ್ಲ’ ಎಂದು ಹೇಳಿಕೊಂಡು ನೋವನ್ನು ನೋಡದೆ ಮುಂದೆ ಹೋಗುವುದು. ‘ಎಲ್ಲ ಕರ್ಮ’ ಎಂದು ಅನ್ಯಾಯವನ್ನು ಸಹಿಸುತ್ತಾ ಕೂರುವುದು. ಒಳಗೆ ಕುದಿಯುತ್ತಿರುವಾಗಲೇ ‘ಕ್ಷಮಿಸಿಬಿಟ್ಟೆ’ ಎಂದು ನಗುವುದು. ಜಾನ್ ವೆಲ್‌ವುಡ್ ಎಂಬ ಮನಶ್ಶಾಸ್ತ್ರಜ್ಞರು 1984ರಲ್ಲಿ ಇಂಥ ತಪ್ಪಿಸಿಕೊಳ್ಳುವಿಕೆಗೆ ‘ಸ್ಪಿರಿಚುಯಲ್ ಬೈಪಾಸಿಂಗ್’ ಎಂಬ ಹೆಸರು ಕೊಟ್ಟರು. ಸಾಕ್ಷಿಗೆ ಎಲ್ಲ ಕಾಣಬೇಕು. ಕಾಣಿಸದಂತೆ ಮುಚ್ಚಿಟ್ಟರೆ ಅದು ಸಾಕ್ಷಿಭಾವ ಹೇಗಾದೀತು?

ಏಳನೇ ಹೆಜ್ಜೆ: ಈಗ ಏನು ಮಾಡಬೇಕು

ಕಾವು ಇಳಿದ ಮೇಲೆ ಭಾವನೆ ಏನು ಹೇಳಲು ಬಂದಿತ್ತು ಎಂದು ಕೇಳಬೇಕು. ಒಂದೊಂದರ ದಾರಿ ಒಂದೊಂದು.

ಸಿಟ್ಟಿಗೆ ಬೇಕಾದ್ದು ಸಮಯ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು, ಆದರೂ ಕೋಪದಲ್ಲೇ ಮೆಸೇಜ್ ಟೈಪ್ ಮಾಡುತ್ತೇವೆ. ಟೈಪ್ ಮಾಡಿ, ಕಳಿಸಬೇಡಿ. ಬೆಳಿಗ್ಗೆ ಓದಿ. ಹಾಗೆಂದು ಸಿಟ್ಟೆಲ್ಲ ತಪ್ಪೂ ಅಲ್ಲ. ಯಾರೋ ನಿಮ್ಮ ಗಡಿ ದಾಟಿದ್ದಾರೆ ಎಂದು ಅದು ಹೇಳುತ್ತಿರಬಹುದು. ಆಗ ಶಾಂತವಾದ ಮೇಲೆ ಹೋಗಿ ನೇರವಾಗಿ ಹೇಳಬೇಕು: ‘ನೀವು ಎಲ್ಲರ ಮುಂದೆ ಹಾಗೆ ಮಾತನಾಡಿದ್ದು ನನಗೆ ಸರಿ ಬರಲಿಲ್ಲ. ಇನ್ನು ಮುಂದೆ ಏನಿದ್ದರೂ ನನ್ನೊಬ್ಬನಿಗೇ ಹೇಳಿ.’ ಧ್ಯಾನ ಮಾಡುವವರು ಜಗಳವನ್ನೇ ಆಡಬಾರದು ಎಂಬ ನಿಯಮವೇನೂ ಇಲ್ಲ.

ಹೊಟ್ಟೆಕಿಚ್ಚಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಸಿಟ್ಟು ಬಂತು ಎಂದು ಹೇಳಿಕೊಳ್ಳುತ್ತೇವೆ, ಅಸೂಯೆ ಆಯಿತು ಎಂದು ನಮಗೆ ನಾವೂ ಹೇಳಿಕೊಳ್ಳುವುದಿಲ್ಲ. ಬದಲಿಗೆ ಆ ಮನುಷ್ಯನಲ್ಲಿ ದೋಷ ಹುಡುಕಲು ಶುರುಮಾಡುತ್ತೇವೆ. ಯಾರದೋ ಗೆಲುವಿನ ಸುದ್ದಿ ಕೇಳಿದ ಮರುಕ್ಷಣ ‘ಅವನಿಗೇನು, ಶಿಫಾರಸು ಇತ್ತು’ ಎಂದು ಬಾಯಿಗೆ ಬಂದರೆ, ಅಲ್ಲೇ ನಿಲ್ಲಿ. ಯೋಗಸೂತ್ರದ ಮೊದಲ ಪಾದದ (ಅಧ್ಯಾಯದ) 33ನೇ ಸೂತ್ರ ಇದಕ್ಕೆ ಒಂದು ಉಪಾಯ ಹೇಳುತ್ತದೆ: ಸುಖವಾಗಿರುವವರೊಡನೆ ಸ್ನೇಹಭಾವ, ದುಃಖದಲ್ಲಿರುವವರ ಬಗ್ಗೆ ಕರುಣೆ, ಒಳ್ಳೆಯದು ಮಾಡುವವರನ್ನು ಕಂಡು ಸಂತೋಷ, ಕೆಟ್ಟದ್ದು ಮಾಡುವವರ ಬಗ್ಗೆ ಉಪೇಕ್ಷೆ. ಮೊದಲನೆಯದನ್ನು ಹಿಡಿಯಿರಿ. ಆ ವ್ಯಕ್ತಿಯನ್ನು ನೆನೆದು ‘ನಿನಗೆ ಇನ್ನೂ ಒಳ್ಳೆಯದಾಗಲಿ’ ಎಂದುಕೊಳ್ಳಿ. ಬಾಯಿಮಾತಿಗೆ ಅಂದಂತೆ ಅನ್ನಿಸುತ್ತದೆ, ಅನ್ನಿಸಲಿ. ಮರುದಿನವೂ ಹೇಳಿ. ಆಮೇಲೆ ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ಅವರ ಹತ್ತಿರ ಇರುವುದರಲ್ಲಿ ನನಗೆ ನಿಜವಾಗಿ ಬೇಕಾದ್ದು ಯಾವುದು? ಅಸೂಯೆ ಆ ಗುಟ್ಟನ್ನು ಬಿಟ್ಟುಕೊಡುತ್ತದೆ. ಬೇಕಾದ್ದು ಅವರ ಹೆಸರೋ, ದುಡ್ಡೋ, ಅಥವಾ ಇಷ್ಟದ ಕೆಲಸ ಮಾಡುವ ಧೈರ್ಯವೋ?

ಭಯ ಮತ್ತು ಆತಂಕ ಇರುವುದು ನಾಳೆಯಲ್ಲಿ. ‘ಈ ಹೊತ್ತಿನಲ್ಲಿ, ಈ ಜಾಗದಲ್ಲಿ ಏನು ತೊಂದರೆ ಇದೆ?’ ಎಂದು ಕೇಳಿ. ಇದ್ದರೆ ಮಾಡಬೇಕಾದ ಒಂದು ಸಣ್ಣ ಕೆಲಸ ಮಾಡಿ. ಇಲ್ಲದಿದ್ದರೆ ಕಾಣುವ ಐದು ವಸ್ತು, ಕೇಳುವ ಮೂರು ಶಬ್ದ ಗುರುತಿಸಿ ಇಂದಿಗೆ ಬನ್ನಿ.

ತಪ್ಪಿನ ಕೊರಗನ್ನು ಎರಡಾಗಿ ಒಡೆಯಿರಿ. ‘ನಾನು ಮಾಡಿದ್ದು ತಪ್ಪು’ ಎಂದಾದರೆ ಸರಿಪಡಿಸಲು ದಾರಿ ಇದೆ. ‘ನಾನೇ ಸರಿ ಇಲ್ಲ’ ಎಂದಾದರೆ ಅದು ಹಾಳೆಯ ಬಲಗಡೆಗೆ ಹೋಗಬೇಕಾದ ವಾಕ್ಯ. ದುಃಖಕ್ಕೆ ಉಪಾಯ ಹುಡುಕಬೇಡಿ. ಅಳು ಬಂದರೆ ಅಳಿ, ನಂಬುವವರ ಪಕ್ಕ ಕುಳಿತುಕೊಳ್ಳಿ.

ಇದಿಷ್ಟೇ ಸಾಲದಿದ್ದಾಗ

ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಎನ್ನುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಆ ಹೊತ್ತಿಗೇ ಹತ್ತಿರದವರಿಗೆ ಹೇಳಿ, ವೈದ್ಯರ ಬಳಿ ಅಥವಾ ಆಸ್ಪತ್ರೆಗೆ ಹೋಗಿ. ಧ್ಯಾನ ಶುರುಮಾಡಿದೆ ಎಂದು ಮಾತ್ರೆಗಳನ್ನು ನೀವೇ ನಿಲ್ಲಿಸುವುದು ಅಪಾಯ. ಖಿನ್ನತೆ ಮತ್ತೆ ಮತ್ತೆ ಬರುವವರಿಗಾಗಿ ಸೀಗಲ್, ವಿಲಿಯಮ್ಸ್ ಮತ್ತು ಟೀಸ್‌ಡೇಲ್ ಎಂಬ ಮೂವರು ರೂಪಿಸಿದ, ಮೈಂಡ್‌ಫುಲ್‌ನೆಸ್ ಸೇರಿಸಿಕೊಂಡ ಚಿಕಿತ್ಸಾ ಕ್ರಮವೇ ಇದೆ. ಆದರೆ ಅದನ್ನು ತರಬೇತಿ ಪಡೆದವರಿಂದ ಕಲಿಯಬೇಕು.

ಕೂಗಾಡಿ ಆಗಿಹೋದ ಮೇಲೆ

ಇದೆಲ್ಲ ಗೊತ್ತಿದ್ದೂ ಒಂದು ದಿನ ಬಾಯಿಗೆ ಬಂದದ್ದು ಬಂದುಬಿಡುತ್ತದೆ. ಆಗ ‘ಇಷ್ಟು ಧ್ಯಾನ ಮಾಡಿ ಏನು ಬಂತು’ ಎಂದು ಮತ್ತೊಂದು ಸಲ ಬೈದುಕೊಳ್ಳಬೇಡಿ, ಅದೂ ಎರಡನೆಯ ಬಾಣವೇ. ಕಾವು ಇಳಿದ ಮೇಲೆ ಆ ವ್ಯಕ್ತಿಯ ಹತ್ತಿರ ಹೋಗಿ ಚಿಕ್ಕದಾಗಿ ಹೇಳಿ: ‘ನಾನು ಹಾಗೆ ಕೂಗಬಾರದಿತ್ತು. ತಪ್ಪಾಯಿತು.’ ‘ಆದರೆ ನೀನೂ...’ ಎಂದು ಮುಂದುವರಿಸಬೇಡಿ. ಅವರು ತಕ್ಷಣ ಒಪ್ಪದಿದ್ದರೆ ಒತ್ತಾಯವೂ ಬೇಡ. ಆಮೇಲೆ ಬಿಡುವಾದಾಗ ಸಿಟ್ಟಿನ ಮೊದಲ ಸೂಚನೆ ಮೈಯಲ್ಲಿ ಎಲ್ಲಿ ಕಾಣಿಸಿತ್ತು ಎಂದು ನೆನಪು ಮಾಡಿಕೊಂಡು ಬರೆದಿಡಿ. ಮುಂದಿನ ಸಲ ನೋಡಬೇಕಾದ ಜಾಗ ಅದು.